ಭೀಮಕ್ಕನ ಮೂರು ದಿನ

ಮಧುಗಿರಿ ಸೀಮೆಯ ಆ ಕುರಿಗಾಹಿಗಳ ಹಟ್ಟಿಯಲ್ಲಿ ಮುಟ್ಟಾದ ಹೆಂಗಸರು ಇಂದಿಗೂ ಮೂರು ದಿನ ಹಟ್ಟಿಯಾಚೆಯ ಗುಡಿಸಲಲ್ಲೇ ಇರಬೇಕು. ಆ ಪದ್ಧತಿ ಎಂದರೆ ಸೊಸೆ ಲಾವಣ್ಯ ಉರಿದುಬೀಳುತ್ತಾಳೆ. ಉರಿಯಲಿ, ತಪ್ಪೇನಿದೆ? ಮಳೆ ಬಂದರೆ ಸೋರುವ, ಚೇಳು ಹರಿದಾಡುವ ಜಾಗ ಅದು. ಆದರೆ ಅವಳ ಅತ್ತೆ ಭೀಮಕ್ಕ, ಮುಟ್ಟು ನಿಂತು ವರ್ಷ ಕಳೆದರೂ, ಪ್ರತಿ ತಿಂಗಳು ಕಂಬಳಿ ಹೆಗಲಿಗೇರಿಸಿ ಅಲ್ಲಿಗೆ ಹೋಗುತ್ತಿದ್ದಳು. ಮುಟ್ಟು ನಿಂತ ಗುಟ್ಟು ಯಾರಿಗೂ ಗೊತ್ತಿರಲಿಲ್ಲ.

ಮದುವೆಯಾಗಿ ಬಂದಾಗಿನಿಂದ ಕುರಿ ಕೂಡುವ ರೊಪ್ಪ ಗುಡಿಸುವುದು, ನೀರು ಹೊರುವುದು, ಮುದ್ದೆ ತಿರುವುವುದು ಅವಳ ಕೈಬಿಟ್ಟಿದ್ದು ಆ ಮೂರು ದಿನ ಮಾತ್ರ. ಗಂಡ ಕ್ಯಾತಪ್ಪನೂ ಅಲ್ಲಿಗೆ ಬಂದು "ಲೇ ಭೀಮಿ" ಎಂದು ಕೂಗುವಂತಿರಲಿಲ್ಲ. ಮುಟ್ಟು ನಿಂತಿದೆ ಎಂದು ಬಾಯಿಬಿಟ್ಟರೆ ಅದೂ ಹೋಯಿತು. ಪಾಪ, ಸೋರುವ ಗುಡಿಸಲನ್ನೇ ತವರು ಮಾಡಿಕೊಂಡಿದ್ದಳು.

ಈಚೆಗೆ ಮೈ ಇದ್ದಕ್ಕಿದ್ದಂತೆ ಕಾದು ಬೆವರುತ್ತಿತ್ತು, ನಿದ್ದೆ ಹಾರಿಹೋಗಿತ್ತು. ಲಾವಣ್ಯ ಬಿಡದೆ ಮಧುಗಿರಿಯ ಡಾಕ್ಟರ್ ಮಧುಶ್ರೀಯವರ ಬಳಿ ಕರೆದೊಯ್ದಳು. ರಕ್ತ ಕೊಟ್ಟದ್ದಾಯಿತು. ರಿಪೋರ್ಟ್ ನೋಡಿ ಡಾಕ್ಟರ್ ಹುಬ್ಬು ಗಂಟಿಕ್ಕಿದರು.

"ಈಸ್ಟ್ರೋಜನ್ ಅಂತ ಹೆಂಗಸರ ಹಾರ್ಮೋನು, ತುಂಬಾ ಕಮ್ಮಿ ಇದೆ. ಮುಟ್ಟು ನಿಂತವರಿಗೆ ಹೀಗಿರುತ್ತೆ. ಕೊನೇ ಸಲ ಯಾವಾಗ ಆಗಿದ್ದು?"

"ಹೋದ ವಾರ ಮೇಡಂ, ಹೊರಗೆ ಕುಂತಿದ್ರು," ಎಂದಳು ಲಾವಣ್ಯ.

"ಇಷ್ಟು ಕಮ್ಮಿ ಇದ್ದೂ ರಕ್ತ ಹೋಗ್ತಿದೆ ಅಂದ್ರೆ ಸುಮ್ನೆ ಬಿಡೋ ಹಾಗಿಲ್ಲ. ತುಮಕೂರಿಗೆ ಬರ್ಕೊಡ್ತೀನಿ, ಸ್ಕ್ಯಾನ್ ಮಾಡಿಸಿ."

ಸೊಸೆಯ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ಭೀಮಕ್ಕನಿಗೆ ತಡೆಯಲಾಗಲಿಲ್ಲ.

"ಏನೂ ಬ್ಯಾಡ ಕಣಮ್ಮ. ನಂದು ನಿಂತು ವರ್ಸಾನೇ ಆಯ್ತು. ಸುಮ್ಕೆ ಓಗಿ ಕುಂತ್ಕಂತಿದ್ದೆ."

"ಯಾಕತ್ತೆ ಅಂಗ್ ಮಾಡಿದ್ರಿ?"

"ಬೆನ್ನು ನೆಲಕ್ಕೆ ಆಕಾಕೆ ನಂಗೆ ಇನ್ನೆಲ್ಲೈತೆ ಜಾಗ, ಯೋಳು."

ಇದು ಕಾಯಿಲೆಯಲ್ಲ, ವಯಸ್ಸಿಗೆ ಬರುವುದು ಎಂದು ಡಾಕ್ಟರ್ ಸಮಾಧಾನ ಹೇಳಿ ಮಾತ್ರೆ ಬರೆದುಕೊಟ್ಟರು. ಬಸ್ಸಿನಲ್ಲಿ ಲಾವಣ್ಯ ಹಟ್ಟಿ ಬರುವವರೆಗೂ ಅತ್ತೆಯ ಕೈ ಬಿಡಲಿಲ್ಲ, ಬೈಯಲೂ ಇಲ್ಲ.

ಮುಂದಿನ ತಿಂಗಳು ಅಭ್ಯಾಸಬಲದಿಂದ ಭೀಮಕ್ಕನ ಕೈ ಕಂಬಳಿಗೆ ಹೋಯಿತು. ಲಾವಣ್ಯ ಅದನ್ನು ಕಿತ್ತುಕೊಂಡು ನಡುಮನೆಯಲ್ಲೇ ಹಾಸಿದಳು.

"ಮೂರು ದಿನ ಇಲ್ಲೇ ಮಲಗ್ರಿ ಅತ್ತೆ."

"ಮತ್ತೆ ನೀರ್ ತರೋರ್ಯಾರು?" ಎಂದ ಕ್ಯಾತಪ್ಪ, ಬಾಗಿಲಲ್ಲಿ ನಿಂತು.

ಲಾವಣ್ಯ ಬಿಂದಿಗೆಯನ್ನು ಮಾವನ ಮುಂದಿಟ್ಟು ರೊಪ್ಪದ ಕಡೆ ನಡೆದಳು. ಅವನು ಗೊಣಗಿದ, ಕೆಮ್ಮಿದ, ಕೊನೆಗೆ ಬಿಂದಿಗೆ ಎತ್ತಿಕೊಂಡ.

ಭೀಮಕ್ಕ ಕಣ್ಣೊರೆಸಿಕೊಂಡು ಮಲಗಿದಳು. ತನ್ನದೇ ಮನೆಯಲ್ಲಿ ಅವಳು ಹಗಲು ಹೊತ್ತು ಮಲಗಿದ್ದು ಅದೇ ಮೊದಲು.