ಮೂರು ಕಸಬರಿಗೆ, ಒಂದೇ ಕೈ

ಕೋಳಿ ಕೂಗುವ ಮೊದಲೇ ಪಕ್ಕೀರವ್ವ ಒಲೆಯ ಬೂದಿ ತೆಗೆದು ಮುಗಿಸುತ್ತಿದ್ದಳು. ಬೀದಿಯ ನಲ್ಲಿಯ ಮುಂದೆ ಸಾಲಿಗೆ ಕೊಡ ಇಟ್ಟು ಬಂದು, ಸರದಿ ಬರುವುದರೊಳಗೆ ಅತ್ತೆ ಮುದಕಮ್ಮನನ್ನು ಎಬ್ಬಿಸಿ, ಕಂಕುಳಿಗೆ ಕೈಕೊಟ್ಟು ಹಿತ್ತಲಿಗೆ ಒಯ್ದು, ತೊಳೆದು, ಸೀರೆ ಬದಲಿಸಿ ಮತ್ತೆ ಮಲಗಿಸುತ್ತಿದ್ದಳು. ಆರು ಕೊಡ ನೀರು ತುಂಬುತ್ತಿದ್ದಳು. ಅಂಗಳಕ್ಕೆ ಸಗಣಿನೀರು ಹೊಡೆದು, ಆಡಿಗೆ ಸೊಪ್ಪು ಹಾಕಿ ಹಾಲು ಹಿಂಡಿ, ಎಂಟು ರೊಟ್ಟಿ ಬಡಿದು, ಅದರಲ್ಲೊಂದನ್ನು ಮುದುಕಿಗೆಂದು ಹಾಲಿನಲ್ಲಿ ನೆನೆಹಾಕಿ, ಗಂಡನ ಸ್ನಾನದ ನೀರಿಗೆ ಉರಿ ಇಡುತ್ತಿದ್ದಳು. ಇದನ್ನೆಲ್ಲ ಆ ಮನೆಯಲ್ಲಿ ಯಾರೂ ಕೆಲಸ ಎನ್ನುತ್ತಿರಲಿಲ್ಲ. ಕೆಲಸ ಶುರುವಾಗುವುದು ಇದಾದ ಮೇಲೆ. ತೊಟ್ಟಿಯಲ್ಲಿ ನೆನೆಸಿಟ್ಟ ಈಚಲ ಗರಿಗಳನ್ನು ತೆಗೆದು, ಕಲ್ಲಿನ ಮೇಲಿಟ್ಟು ಜಜ್ಜಿ, ಮೊಳೆ ಬಡಿದ ಹಲಗೆಯ ಮೇಲೆ ಎಳೆದು ಸೀಳಿ, ಬೆಳಕು ಹರಿಯುವಷ್ಟರಲ್ಲಿ ಹತ್ತು ಕಸಬರಿಗೆ ಕಟ್ಟಿ ಗೋಡೆಗೆ ಒರಗಿಸುತ್ತಿದ್ದಳು.

ಬೆಳಕು ಹರಿದ ಮೇಲೆ ಅವಳ ಗಂಡ ಹೇಮಪ್ಪ ಏಳುತ್ತಿದ್ದ. ಅವಳು ಕಟ್ಟಿದ್ದನ್ನು ಸೈಕಲ್ಲಿನ ಹಿಂದೆ ಬಿಗಿದುಕೊಂಡು ಮಾರಲು ಹೋಗುತ್ತಿದ್ದ. ಊರಲ್ಲಿ ಅವನಿಗೆ ಕಸಬರಗಿ ಹೇಮಪ್ಪ ಎಂದೇ ಹೆಸರು. ಒಂದನ್ನೂ ಅವನು ಕಟ್ಟಿದವನಲ್ಲ. ಒಂದರಿಂದಲೂ ಕಸ ಗುಡಿಸಿದವನೂ ಅಲ್ಲ.

ಪಕ್ಕೀರವ್ವ ಇರಕಲ್ಲಗಡದವಳು. ಹಳ್ಳದ ದಂಡೆಯ ಈಚಲ ಗಿಡಗಳ ನಡುವೆ ತಾಯಿಯ ಜೊತೆ ಗರಿ ಕೊಯ್ಯುತ್ತ ಬೆಳೆದಳು. ಎಡಗೈಯವಳು. ಲಗ್ನವಾಗಿ ಬಂದ ವಾರದಲ್ಲೇ ಅತ್ತೆ ಅವಳ ಎಡಗೈ ಮೇಲೆ ಸೌಟಿನಿಂದ ಹೊಡೆದಳು. "ಎಡಗೈಲೆ ರೊಟ್ಟಿ ಬಡೀತಾಳ, ಎಂಥಾ ಅನಿಷ್ಟ ತಂದ್ಯೋ ಮಗನ." ರೊಟ್ಟಿಯನ್ನು ಬಲಗೈಯಲ್ಲಿ ಬಡಿಯಲು ಕಲಿತಳು. ಕಸಬರಿಗೆಯನ್ನು ಮಾತ್ರ ಎಡಗೈಯಲ್ಲೇ ಕಟ್ಟಿದಳು, ಏಕೆಂದರೆ ಕಟ್ಟುವಾಗ ಯಾರೂ ನೋಡುತ್ತಿರಲಿಲ್ಲ. ಹಿಡಿಕೆಯ ಗಂಟು ಎಲ್ಲರದೂ ಬಲಕ್ಕೆ ತಿರುಗಿದರೆ ಅವಳದು ಎಡಕ್ಕೆ ತಿರುಗುತ್ತಿತ್ತು. ಒಬ್ಬಳೇ ಮಗಳು ಲಗ್ನವಾಗಿ ಕುಷ್ಟಗಿಗೆ ಹೋದ ವರ್ಷ, ಓಣಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆಯ ಶಾಲೆ ಬಂತು. ಮುದುಕಿಯನ್ನು ಪಕ್ಕದ ಮನೆಯ ಗೌಸಬೀಗೆ ಒಪ್ಪಿಸಿ ಪಕ್ಕೀರವ್ವ ಏಳು ತಿಂಗಳು ಹೋದಳು. ನಿಧಾನಕ್ಕೆ, ಒತ್ತಿ ಒತ್ತಿ, ಬರೆಯಲು ಕಲಿತಳು.

ಊರಿನ ಬೀದಿಗಳನ್ನು ಗುಡಿಸಲು ಪುರಸಭೆಗೆ ವರ್ಷಕ್ಕೆ ಸಾವಿರದ ಇನ್ನೂರು ಕಸಬರಿಗೆ ಬೇಕು. ಒಂಬತ್ತು ವರ್ಷದಿಂದ ಅದರ ಗುತ್ತೇದಾರ ವಿರುಪಣ್ಣ. ಹಗ್ಗ, ಗೋಣಿಚೀಲದ ಅಂಗಡಿಯವನು. ಒಂಬತ್ತು ವರ್ಷದಿಂದ ಅವನ್ನು ಕಟ್ಟುತ್ತಿದ್ದವಳು ಪಕ್ಕೀರವ್ವ. ಪ್ರತಿ ಪಂಚಮಿಗೆ ವಿರುಪಣ್ಣ ಅವಳಿಗೆ ಒಂದು ಕುಪ್ಪಸದ ಕಣ ಕೊಟ್ಟು "ತಂಗಿ" ಎನ್ನುತ್ತಿದ್ದ.

ಎಂಬತ್ತಮೂರನೇ ಇಸವಿಯಲ್ಲಿ ಹೊಸ ಮುಖ್ಯಾಧಿಕಾರಿ ಬಂದರು. ಕಸಬರಿಗೆಗೆ ಕಡಿಮೆಯೆಂದರೆ ಮೂರು ಟೆಂಡರ್ ಬರಬೇಕು, ಒಂದೊಂದರ ಜೊತೆ ಒಂದೊಂದು ಮಾದರಿ ಇರಬೇಕು, ಇಲ್ಲದಿದ್ದರೆ ಲಕೋಟೆ ಒಡೆಯುವುದೇ ಇಲ್ಲ ಎಂದರು. ಮರುದಿನ ವಿರುಪಣ್ಣ ಅವಳ ಅಂಗಳಕ್ಕೆ ಬಂದು ಕಟ್ಟೆಯ ಮೇಲೆ ಕುಳಿತ. ಹೇಮಪ್ಪ ಪಕ್ಕದಲ್ಲಿ ನಿಂತ. ಪಕ್ಕೀರವ್ವ ಗರಿ ಸೀಳುತ್ತಲೇ ಇದ್ದಳು.

"ತಂಗಿ, ಟೆಂಡರ್ ಅಂದ್ರ ಒಬ್ಬರ ಓಡೂ ಓಟ ಅಲ್ಲ. ಮೂರು ಮಂದಿ ಓಡಬೇಕು, ಇಬ್ಬರು ಬೇಕಂತನ ಸೋಲಬೇಕು. ಅಷ್ಟ ಐತಿ ಅದರಾಗ."

"ಸೋಲೂ ಇಬ್ಬರು ಯಾರ್ರಿ ಅಣ್ಣಾರ?"

"ನಾನೊಬ್ಬ. ನಮ್ಮ ಬಂಡಿ ಹೊಡಿಯೂ ದ್ಯಾವಪ್ಪ ಒಬ್ಬ. ಗೆಲ್ಲಾಕಿ ನೀನು."

ಅವಳ ಕೈ ನಿಂತಿತು. "ಬೆಳಗಿನ ಹೊತ್ತು ಚಾಷ್ಟಿ ಮಾಡ್ತೀರೇನ್ರಿ?"

"ಚಾಷ್ಟಿ ಅಲ್ಲವ್ವ. ಹೊಸಾ ಸಾಹೇಬ್ರು ನನ್ನ ಮಾರಿ ನೋಡಿದ್ರ ಉರಕೊಂಡು ಬೀಳ್ತಾರ, ಒಂಬತ್ತು ವರ್ಷ ನೀನ ತಿಂದಿ ಅಂತಾರ. ಹೆಣಮಕ್ಕಳ ಹೆಸರಿದ್ರ ಇಲ್ಲ ಅನ್ನಾಕ ಬರೂದಿಲ್ಲ ಅವರಿಗೆ. ಆರ್ಡರ್ ನಿನ್ನ ಹೆಸರಿಗೆ, ಚೆಕ್ಕು ನಿನ್ನ ಹೆಸರಿಗೆ. ಓಡಾಡಿದ್ದಕ್ಕ ನನಗೇನರ ಒಂದೀಟು ಕೊಡು."

ಪಕ್ಕೀರವ್ವ ಗಂಡನ ಮುಖ ನೋಡಿದಳು. "ಕೊಡಾಕ್ಹತ್ಯಾರ, ತೊಗೋ," ಎಂದ ಹೇಮಪ್ಪ.

ವಿರುಪಣ್ಣ ಮೂರು ಮಾದರಿ ಕಟ್ಟಲು ಹೇಳಿದ. ಅವಳ ಹೆಸರಿನದು ಗಟ್ಟಿ ಇರಬೇಕು, ಉಳಿದ ಎರಡು ಸಡಿಲ. ಅವಳದನ್ನು ಅವಳು ಒಂದು ಇಡೀ ಮಧ್ಯಾಹ್ನ ಕಟ್ಟಿದಳು. ಕೊನೆಯ ಗರಿಗಳನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಸಡಿಲ ಕಟ್ಟುವುದೇ ಕಷ್ಟವಾಯಿತು. ಕೈ ತಾನಾಗಿ ಬಿಗಿಯುತ್ತಿತ್ತು, ಬಿಚ್ಚಿ ಮತ್ತೆ ಕೆಡಿಸಬೇಕಾಗುತ್ತಿತ್ತು. ಸಿಗರೇಟಿನ ಪಾಕೀಟು ಹರಿದು ಮೂರು ಚೀಟಿ ಮಾಡಿ, ಹೆಸರುಗಳನ್ನು ತಾನೇ ಬರೆದು, ಒಂದೊಂದಕ್ಕೆ ಒಂದೊಂದನ್ನು ಗರಿಯ ಎಳೆಯಿಂದ ಕಟ್ಟಿದಳು. ಟೆಂಡರ್ ಅರ್ಜಿಗೆ ಸಹಿ ಹಾಕಿದಳು. ದರದ ಜಾಗ ಖಾಲಿ ಇತ್ತು.

"ಇಲ್ಲೇನೂ ಬರದಿಲ್ಲಲ್ರಿ?"

"ಹಿಂದಿನ ದಿನ ಬಾಜಾರ ನೋಡಿ ತುಂಬೂದು, ಹುಚ್ಚವ್ವ. ಈಗ ಬರದ್ರ ಊರಿಗೆಲ್ಲ ಗೊತ್ತಾಕ್ಕೈತಿ," ಎಂದ ವಿರುಪಣ್ಣ. ಅವಳು ನಂಬಿದಳು. ಒಂಬತ್ತು ಪಂಚಮಿ ತಂಗಿ ಎಂದವನನ್ನು ನಂಬದೆ ಬೇರೇನು ಮಾಡಬೇಕಿತ್ತು?

ಮೂರೂ ಕಸಬರಿಗೆಗಳನ್ನು ಹೇಮಪ್ಪ ಸೈಕಲ್ಲಿಗೆ ಕಟ್ಟಿಕೊಂಡು ಒಯ್ದ. ಲಕೋಟೆ ಒಡೆಯುವ ದಿನ ಅವಳು ಹೊಸ ಸೀರೆ ತೆಗೆದದ್ದನ್ನು ನೋಡಿ, "ನೀ ಯಾಕ? ಅಲ್ಲಿ ಬರೇ ಗಂಡಸರಿರ್ತಾರ," ಎಂದು ಹೇಳಿ ಮೊದಲೇ ಹೊರಟುಹೋದ. ಪಕ್ಕೀರವ್ವ ಮುದುಕಿಗೆ ಉಣಿಸಿ, ಗೌಸಬೀಯನ್ನು ಕರೆದಳು.

"ಹೋಗಿ ಬಾರವ್ವ," ಎಂದಳು ಗೌಸಬೀ. "ಗಂಡಸರು ಇರೂ ಜಾಗಾ ಅಂತ. ಆ ಜಾಗಾದಾಗ ಕಸಾ ಹೊಡಿಯೂದು ಯಾರಂತ?"

ಪುರಸಭೆಯ ಪಡಸಾಲೆಯಲ್ಲಿ ಟೇಬಲ್ಲಿನ ಮೇಲೆ ಮೂರೂ ಕಸಬರಿಗೆ ಮಲಗಿದ್ದವು. ಮುಖ್ಯಾಧಿಕಾರಿಗಳು ನಡುವೆ ಕುಳಿತಿದ್ದರು. ಗುಮಾಸ್ತ ತಿರುಪತಿ ಅರಗಿನ ಮುದ್ರೆ ಒಡೆದು ಓದಿದ.

"ವಿರುಪಣ್ಣ, ಒಂದಕ್ಕ ಎರಡೂಕಾಲು ರೂಪಾಯಿ. ದ್ಯಾವಪ್ಪ, ಎರಡು ರೂಪಾಯಿ ತೊಂಬತ್ತು ಪೈಸೆ. ಪಕ್ಕೀರವ್ವ ಗಂಡ ಹೇಮಪ್ಪ, ಮೂರೂಕಾಲು ರೂಪಾಯಿ."

ತಾನು ತಪ್ಪು ಕೇಳಿದೆ ಎಂದುಕೊಂಡಳು. ನಂತರ ಟೇಬಲ್ಲಿನ ಕಡೆ ನೋಡಿದಳು. ಹಲ್ಲಿನಲ್ಲಿ ಕಚ್ಚಿ ಎಳೆದು ಕಟ್ಟಿದ ಕಸಬರಿಗೆಗೆ ವಿರುಪಣ್ಣನ ಚೀಟಿ ಇತ್ತು. ಬೇಕೆಂದೇ ಕೆಡಿಸಿದ್ದರ ಮೇಲೆ ಅವಳದೇ ದುಂಡನೆಯ ಅಕ್ಷರದಲ್ಲಿ 'ಪಕ್ಕೀರವ್ವ' ಎಂದಿತ್ತು. ಚೀಟಿಗಳನ್ನು ಕಟ್ಟಿದ್ದು ಈಗ ಗರಿಯ ಎಳೆಯಲ್ಲ, ನೀಲಿ ಪ್ಲಾಸ್ಟಿಕ್ ದಾರ. ಹೇಮಪ್ಪನ ಸೈಕಲ್ಲಿನ ಹಿಂದೆ ಯಾವಾಗಲೂ ಸುತ್ತಿರುತ್ತಿದ್ದ ದಾರ.

ಹೇಮಪ್ಪ ಗೋಡೆಯ ಹತ್ತಿರ ನಿಂತಿದ್ದ. ಅವಳು ನೋಡಿದಾಗ ಅವನು ಮೇಲಿನ ಪಂಖಾ ನೋಡತೊಡಗಿದ.

ಮಾದರಿಗಳನ್ನು ಪರೀಕ್ಷಿಸಲು ಬೀದಿ ಗುಡಿಸುವ ದುರುಗವ್ವನನ್ನು ಕರೆದಿದ್ದರು. ಅವಳು ಒಂದೊಂದನ್ನೇ ಹಿಡಿದು ನೆಲಕ್ಕೆ ಎರಡು ಸಲ ಎಳೆದಳು. ಪಕ್ಕೀರವ್ವನ ಹೆಸರಿನದರಿಂದ ನಾಲ್ಕು ಗರಿ ಉದುರಿದವು. ಯಾರೋ ನಕ್ಕರು. "ಹೆಂಗಸರು ಟೆಂಡರ್ ಹಾಕಿದ್ರ ಹಿಂಗ ಆಕ್ಕೈತಿ," ಎಂದು ವಿರುಪಣ್ಣನೂ ನಕ್ಕ. ದುರುಗವ್ವ ನಗಲಿಲ್ಲ. ಹಿಡಿಕೆಗಳನ್ನು ತಿರುಗಿಸಿ ನೋಡಿದಳು.

"ಯಪ್ಪಾ, ಇವು ಮೂರೂ ಒಂದ ಕೈಯಾಗಿನವು. ಗಂಟು ನೋಡ್ರಿ, ಮೂರೂ ಎಡಕ ತಿರಗ್ಯಾವ. ಒಂಬತ್ತು ವರ್ಷ ಇದ ಗಂಟು ಹಿಡದು ನನ್ನ ಅಂಗೈ ಜಡ್ಡುಗಟ್ಟೈತಿ, ನನಗ ಗೊತ್ತಾಗೂದಿಲ್ಲೇನ್ರಿ?"

"ನಿನ್ನ ಕೇಳಿದ್ದು ಕಸ ಹೋಗತೈತೋ ಇಲ್ಲೋ ಅಂತ," ಎಂದ ವಿರುಪಣ್ಣ.

"ಬಾಯಿಮಾತು ಕಾಗದದ ಮ್ಯಾಲೆ ಬರೂದಿಲ್ಲ. ಟೆಂಡರ್ ಹಾಕಿದವರ ತಕರಾರು ಇದ್ರ ಬರದು ಕೊಡಲಿ," ಎಂದು ಮುಖ್ಯಾಧಿಕಾರಿಗಳು ಎದ್ದು ಊಟಕ್ಕೆ ಹೋದರು. ವಿರುಪಣ್ಣ ದ್ಯಾವಪ್ಪನನ್ನು ಕರೆದುಕೊಂಡು ಎದುರಿನ ಚಹಾದಂಗಡಿಗೆ ಹೋದ.

ಹೊರಗೆ ಬೇವಿನ ಮರದ ಕೆಳಗೆ ಹೇಮಪ್ಪ ಸೈಕಲ್ ಹಿಡಿದು ನಿಂತಿದ್ದ. ಪಕ್ಕೀರವ್ವ ಅವನ ಮುಂದೆ ಹೋಗಿ ನಿಂತಳು.

"ಚೀಟಿ ಬಿಚ್ಚಿ ಕಟ್ಟಿದವರು ನೀವ?"

"ಇಲ್ಲಿ ಗದ್ಲ ಮಾಡಬ್ಯಾಡ."

"ಗದ್ಲ ಎಲ್ಲಿ ಮಾಡೀನ್ರಿ? ಕೇಳಾಕ್ಹತ್ತೀನಿ."

ಅವನು ಸೀಟಿನ ಮೇಲಿನ ಧೂಳು ಒರೆಸಿದ. "ವಿರುಪಣ್ಣ ಗಂಗಾವತಿಯಾಗ ಅಕ್ಕಿ ಮಿಲ್ಲಿನ್ಯಾಗ ವಾಚಮನ್ ಕೆಲಸ ಕೊಡಸ್ತಾನ. ಮಾತಾಡ್ಯಾನ. ತಿಂಗಳಾ ಪಗಾರ. ಎಷ್ಟು ದಿನಾ ಅಂತ ಕಸಬರಗಿ ಹೇಮಪ್ಪ ಅನಸ್ಕೊಳ್ಳಲಿ ನಾ?"

"ಹಂಗಂದ್ರ ಮದಲ ಗೊತ್ತಿತ್ತು ನಿಮಗ. ಆತ ಅಂಗಳದಾಗ ಬಂದು ಕುಂತಾಗನ."

"ನಿನಗೇನ ಕಡಿಮಿ ಆತು? ಕಟ್ಟೂ ಕೆಲಸ ಹೆಂಗೂ ನಿನಗ ಐತೆಲ್ಲ. ಸಾವಿರದ ಇನ್ನೂರೂ ನೀನ ಕಟ್ಟಾಕಿ. ಹೆಸರು ಯಾರದಾದ್ರೇನು?"

"ಹೆಸರು ಯಾರದಾದ್ರೂ ನಡಿಯೂದಿದ್ರ ನನ್ನದ ಇರಬಹುದಿತ್ತಲ್ರಿ."

ಅವನು ಸೈಕಲ್ಲನ್ನು ಮನೆಯ ದಿಕ್ಕಿಗೆ ತಿರುಗಿಸಿದ. "ಒಳಗ ಹೋಗಿ ಸಹಿ ಹಾಕಿ ಬಾ. ಅವ್ವ ಒಬ್ಬಾಕಿನ ಅದಾಳ ಮನಿಯಾಗ," ಎಂದ. ಮುದುಕಿಯ ಹತ್ತಿರ ಗೌಸಬೀ ಇದ್ದಳು. ಅವ್ವನ ಚಿಂತೆಯನ್ನು ಅವನ ಬಾಯಲ್ಲಿ ಹದಿನೆಂಟು ವರ್ಷದಲ್ಲಿ ಅವಳು ಕೇಳಿದ್ದು ಅದೇ ಮೊದಲ ಸಲ.

ಒಳಗೆ ತಿರುಪತಿ ಒಬ್ಬನೇ ಇದ್ದ. ಮೂರು ದರಗಳನ್ನು ಬರೆದ ಹಾಳೆಯನ್ನು ಅವಳ ಕಡೆ ತಿರುಗಿಸಿದ. ಕೆಳಗೆ 'ತಕರಾರು ಇಲ್ಲ' ಎಂದಿತ್ತು. ದ್ಯಾವಪ್ಪನ ಹೆಬ್ಬೆಟ್ಟು ಆಗಲೇ ಬಿದ್ದಿತ್ತು.

"ಇದಕ್ಕ ಸಹಿ ಹಾಕದಿದ್ರರಿ?"

ತಿರುಪತಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಬ್ಯಾರೆ ಹಾಳಿ ಕೊಡ್ತೀನಿ, ತಕರಾರು ಬರೀರಿ. ಆದ್ರ ಹೇಳಿಬಿಡ್ತೀನಿ ಅಕ್ಕಾರ, ಆಮ್ಯಾಲೆ ನನ್ನ ಬೈಯಬ್ಯಾಡ್ರಿ. ಮೂರೂ ಒಬ್ಬರ ಕೈಯಾಗಿನವು ಅಂತ ನೀವ ಬರದ್ರ ಮೂರೂ ರದ್ದಾಕ್ಕಾವ. ನಿಮ್ದೂ ರದ್ದು. ಬರೂ ವರ್ಷಾನೂ ನಿಮ್ಮ ಹೆಸರು ತೊಗೊಳ್ಳೂದಿಲ್ಲ. ವಿರುಪಣ್ಣ ಮತ್ತ ನಿಮ್ಮ ಕಡೆ ಒಂದು ಕಸಬರಗೀನೂ ತೊಗೊಳ್ಳೂದಿಲ್ಲ."

"ಸಹಿ ಹಾಕಿದ್ರ?"

"ನಾಳಿಂದ ಕಟ್ಟಾಕ ಚಾಲೂ ಮಾಡ್ರಿ. ಮೊದಲಿನಂಗ."

"ಈ ಮಾದರಿ ಎಲ್ಲಿ ಇಡ್ತೀರ್ರಿ?"

"ಉಗ್ರಾಣದಾಗ. ಹೆಸರಿನ ಚೀಟಿ ಸಮೇತ, ಒಂದು ವರ್ಷ."

ಅವಳು ಉದುರಿದ ನಾಲ್ಕು ಗರಿಗಳನ್ನು ನೋಡಿದಳು. ದುರುಗವ್ವ ಅವನ್ನು ಗುಡಿಸದೆ ಹಾಗೇ ಬಿಟ್ಟು ಹೋಗಿದ್ದಳು. "ಹಾಳಿ ಕೊಡ್ರಿ," ಎಂದಳು ಪಕ್ಕೀರವ್ವ.

ನೆಲದ ಮೇಲೆ ಕುಳಿತು ಹಾಳೆಯನ್ನು ಬೆಂಚಿನ ಮೇಲಿಟ್ಟುಕೊಂಡಳು. ಪೆನ್ನನ್ನು ಎಡಗೈಯಲ್ಲಿ ಹಿಡಿದಳು. 'ಈ ಮೂರೂ ಕಸಬರಿಗೆ ಕಟ್ಟಿದಾಕಿ ನಾನು' ಎಂದು ಬರೆಯಲು ಬಹಳ ಹೊತ್ತು ಹಿಡಿಯಿತು. 'ಚೀಟಿ ಬದಲಿ ಮಾಡ್ಯಾರ' ಎಂದು ಬರೆದು ತೋರಿಸಿದಳು.

ತಿರುಪತಿ ತಲೆ ಅಲ್ಲಾಡಿಸಿದ. "ಇಷ್ಟಾದ್ರ ಆಗೂದಿಲ್ರಿ. ಯಾರು ಬದಲಿ ಮಾಡಿದ್ರು ಅಂತ ಹೆಸರು ಬೇಕು. ಇಲ್ಲಾಂದ್ರ ಸಾಹೇಬ್ರು ಇದನ್ನ ಹರದು ಒಗೀತಾರ." ಹಾಳೆಯನ್ನು ಮತ್ತೆ ಬೆಂಚಿನ ಮೇಲಿಟ್ಟು ಕೇಳಿದ, "ಮನಿಯವರನ್ನ ಒಂದು ಮಾತು ಕೇಳಿ ಬರ್ತೀರೇನ?"

ಗಂಡನ ಹೆಸರನ್ನು ಅವಳು ಬಾಯಲ್ಲಿ ಹೇಳಿದ್ದು ಒಂದೇ ಸಲ, ಲಗ್ನದ ದಿನ, ಹೊಸ್ತಿಲಲ್ಲಿ ಅಡ್ಡ ನಿಂತ ಹೆಂಗಸರು ಒಡಪು ಹೇಳಿಸಿದಾಗ. ಆಮೇಲೆ ಹದಿನೆಂಟು ವರ್ಷ 'ಅವರು', 'ಮನಿಯವರು', 'ನಮ್ಮ ಹುಡುಗಿ ಅಪ್ಪ'. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ತಾಯಿಯೂ ನಂಬಿದ್ದಳು, ಅತ್ತೆಯೂ ನಂಬಿದ್ದಳು. ಸಂಜೆಯ ಶಾಲೆಯಲ್ಲಿ ಮಾಸ್ತರರು ಮನೆಯವರ ಹೆಸರು ಬರೆಯಿರಿ ಎಂದಾಗ ಹದಿನಾರು ಹೆಂಗಸರೂ ಮಕ್ಕಳ ಹೆಸರು ಬರೆದು ಸ್ಲೇಟು ಕೊಟ್ಟಿದ್ದರು. ದ್ಯಾವಪ್ಪನಿಗೂ ಒಂದು ಚೀಟಿ ಬೇಕಾಗಿದ್ದ ದಿನ ಅವನ ಹೆಸರನ್ನು ಕೇಳಿ ಬರೆದಿದ್ದಳು. ವಿರುಪಣ್ಣನದನ್ನೂ ಬರೆದಿದ್ದಳು. ಈಗಲೂ 'ವಿರುಪಣ್ಣ' ಎಂದು ಬರೆದರೆ ಕೆಲಸ ಆಗಬಹುದು, ಮನೆ ಉಳಿಯಬಹುದು. ಆದರೆ ಚೀಟಿ ಬಿಚ್ಚಿದ್ದು ವಿರುಪಣ್ಣನ ಕೈಯಲ್ಲ.

"ಆತೇನ?" ಹೊರಗಿನಿಂದ ಹೇಮಪ್ಪ ಕೂಗಿದ.

"ಕೇಳೂದೇನಿಲ್ರಿ," ಎಂದಳು ಪಕ್ಕೀರವ್ವ ತಿರುಪತಿಗೆ. ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಮೊದಲು 'ಹೇ' ಬರೆದಳು.