ಆಸಾಡಿಗೆ ಮಾತ್ರ ಬಿಡುವಾಗುವ ಬ್ಯಾಂಡು

ಈ ಸಲ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಸ್ಕೂಟರು ಒರೆಸುತ್ತಿದ್ದೆ. ಕೈಯಲ್ಲಿದ್ದ ಕಪ್ಪು ಬಟ್ಟೆಯನ್ನು ಹಿಂಡಿ ಕೊಡವಿದಾಗ ಅದರ ಮೇಲೆ ‘ಆಸಾ’ ಎಂಬ ಎರಡಕ್ಷರ ಕಂಡಿತು. ಮೂರನೆಯದನ್ನು ಸ್ಕೂಟರಿನ ಎಣ್ಣೆ ತಿಂದಿತ್ತು. ಒಂದು ಕಾಲದಲ್ಲಿ ಅದು ನನ್ನ ಅಂಗಿ, ನಮ್ಮ ಬ್ಯಾಂಡಿನ ಹೆಸರು ಹೊತ್ತ ಅಂಗಿ.

“ಇದನ್ನ ಯಾರ್ ಇಲ್ಲಿ ಹಾಕದ್?” ಎಂದು ಕೂಗಿದೆ.

“ಅದ್ ಒರ್ಸು ವಸ್ತ್ರ ಅಲ್ದಾ? ಇಷ್ಟ್ ದಿನ ನೀವೇ ಒರ್ಸ್ತಾ ಇದ್ರಿ” ಎಂದಳು ಹೆಂಡತಿ ಒಳಗಿನಿಂದ. ನಿಜ. ಒರೆಸಿದವನು ನಾನೇ.

ನೀವು ಡೂಮ್ ಮೆಟಲ್ ಎಂಬ ಸಂಗೀತ ಕೇಳಿರಲಿಕ್ಕಿಲ್ಲ. ಹೇಳಿಕೊಳ್ಳುವಂಥ ನಷ್ಟವೇನೂ ಆಗಿಲ್ಲ ಬಿಡಿ, ನಮ್ಮ ಮನೆಯವರೂ ಪೂರ್ತಿ ಕೇಳಿಲ್ಲ. ಭಾರವಾದ, ನಿಧಾನವಾದ, ದುಃಖದ ಸಂಗೀತ ಅದು. ಗಿಟಾರಿನ ತಂತಿಯನ್ನು ಒಮ್ಮೆ ಮೀಟಿದರೆ ಆ ಸದ್ದು ಅಡಗುವ ತನಕ ಎಲ್ಲರೂ ಕಾಯಬೇಕು. ಆಮೇಲೆ ಡ್ರಮ್ಮಿಗೊಂದು ಪೆಟ್ಟು. ಮತ್ತೆ ಕಾಯಬೇಕು. ಹಾಡುಗಾರ ಒಂದು ಪದ ಹೇಳಿ ಇನ್ನೊಂದು ಹೇಳುವುದರೊಳಗೆ ನೀವು ಹೊರಗೆ ಹೋಗಿ ಚಾ ಕುಡಿದು ಬರಬಹುದು. ಅರ್ಧ ಶಬ್ದ ನುಂಗಿಯೇ ಮಾತಾಡುವ ನಮ್ಮ ಕಡೆಯವರಿಗೆ ಇದು ಹೇಗೆ ಹಿಡಿಸಿತೋ ದೇವರೇ ಬಲ್ಲ. ಬ್ರಹ್ಮಾವರದ ರಘು ಗಿಟಾರು ನುಡಿಸುತ್ತಿದ್ದ, ಬಂದರಿನ ಹತ್ತಿರದ ಚಂದ್ರ ಹಾಡುತ್ತಿದ್ದ, ತೆಕ್ಕಟ್ಟೆಯ ನಾನು ಡ್ರಮ್ಮು ಬಾರಿಸುತ್ತಿದ್ದೆ. ಬಾರಿಸುತ್ತಿದ್ದೆ ಎನ್ನುವುದಕ್ಕಿಂತ ಬಾರಿಸದೆ ಕೂತಿರುತ್ತಿದ್ದೆ ಎಂದರೆ ಸರಿಯಾದೀತು.

‘ಆಸಾಡಿ’ ಎಂದು ಹೆಸರಿಟ್ಟದ್ದಕ್ಕೂ ಕಾರಣವಿತ್ತು. ರಘುವಿನ ಅಪ್ಪನದು ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ. ಆಸಾಡಿ, ಅಂದರೆ ಆಷಾಢ ತಿಂಗಳಲ್ಲಿ ಮದುವೆಯಿಲ್ಲ, ಯಕ್ಷಗಾನ ಮೇಳದ ಆಟವಿಲ್ಲ, ಸ್ಪೀಕರುಗಳೆಲ್ಲ ಗೋಡೌನಿನಲ್ಲಿ ಟಾರ್ಪಾಲು ಹೊದ್ದು ಮಲಗಿರುತ್ತವೆ. ಚಂದ್ರನದು ಮೀನಿನ ಬೋಟು ಇದ್ದ ಮನೆ. ಮಳೆಗಾಲದಲ್ಲಿ ಟ್ರಾಲಿಂಗ್ ಮೀನುಗಾರಿಕೆ ಬಂದ್, ಬೋಟು ದಡದಲ್ಲಿ. ನನಗೆ ವರ್ಷವಿಡೀ ಕೆಲಸವಿರಲಿಲ್ಲ. ಹೀಗೆ ಊರೆಲ್ಲ ಬೇಸರದಲ್ಲಿ ಮುದುಡಿ ಕೂತಾಗ ನಾವು ಗೋಡೌನಿನಲ್ಲಿ ಇನ್ನಷ್ಟು ಬೇಸರವನ್ನು ತಯಾರಿಸುತ್ತಿದ್ದೆವು. ದಾರಿಹೋಕರೊಬ್ಬರು ಒಮ್ಮೆ ಬಾಗಿಲಲ್ಲಿ ಇಣುಕಿ, “ಹ್ವಾಯ್, ಯಾರ್ ತೀರ್ಕಂಡದ್?” ಎಂದು ಗಂಭೀರವಾಗಿ ಕೇಳಿದ್ದರು.

ಬ್ಯಾಂಡು ನಿಂತದ್ದು ಜಗಳವಾಗಿ ಅಲ್ಲ. ಜಗಳವಾಗಿದ್ದರೆ ಹೇಳಿಕೊಳ್ಳಲಿಕ್ಕಾದರೂ ಚೆನ್ನಾಗಿತ್ತು. ರಘುವಿಗೆ ಅಂಗಡಿ ಬಂತು, ನಾನು ಮೆಡಿಕಲ್ ಶಾಪು ಇಟ್ಟೆ, ಚಂದ್ರ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು, ಕೂಗತೊಡಗಿದ. ಒಂದು ವರ್ಷ ಆಸಾಡಿ ಬಂತು, ಯಾರೂ ಯಾರಿಗೂ ಫೋನು ಮಾಡಲಿಲ್ಲ. ಅಷ್ಟೇ. ಅದಾಗಿ ಹದಿನೈದು ವರ್ಷದ ಮೇಲಾಯಿತು. ನಮ್ಮ ದೊಡ್ಡ ಹಾಡಿನಲ್ಲಿ ಇದ್ದದ್ದು ಎರಡೇ ಪದ. ಮೊದಲು ‘ಕಡಲೇ’, ತುಂಬಾ ಹೊತ್ತಿನ ಮೇಲೆ ‘ಸಾಕು’. ಇಪ್ಪತ್ತರ ವಯಸ್ಸಿನಲ್ಲಿ ಯಾವುದು ಸಾಕಾಗಿತ್ತೋ ನನಗೆ ಇವತ್ತಿಗೂ ಹೊಳೆದಿಲ್ಲ. ಈಗ ಹಾಗಲ್ಲ. ಬೆಳಗಾಗೆದ್ದು ಅಂಗಡಿಯ ಶಟರು ಎತ್ತುವಾಗಲೇ ಸಾಕಾಗಿರುತ್ತದೆ.

ಅಂಗಿ ಕಂಡ ದಿನವೇ ರಘುವಿಗೆ ಫೋನು ಮಾಡಿದೆ. “ಆಸಾಡಿ ಬಂತಲ್ಲ ಮಾರಾಯ, ಒಂದ್ಸಲ ಬಾರ್ಸುವನಾ?” “ಚಂದ್ರ ಬಂದ್ರೆ ನಾನೂ ಬತ್ತೆ” ಎಂದ ಅವನು.

ಚಂದ್ರ ಬಂದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಗಂಟಲು ಮಾತ್ರ ಮೊದಲಿಗಿಂತ ದಪ್ಪಗಾಗಿ ನಮ್ಮ ಸಂಗೀತಕ್ಕೆ ಹೇಳಿ ಮಾಡಿಸಿದಂತಿತ್ತು. ರಘು ತಂತಿ ಮೀಟಿದ. ಚಂದ್ರ ‘ಕಡಲೇ’ ಎಂದ, ಗೋಡೌನು ನಡುಗಿತು. ಆ ಸದ್ದು ಇನ್ನೂ ಅಡಗಿರಲಿಲ್ಲ, ಅಷ್ಟರಲ್ಲೇ ಅವನು ‘ಸಾಕು’ ಎಂದುಬಿಟ್ಟ. ಹಾಡು ಮುಗಿದೇ ಹೋಯಿತು.

ಮತ್ತೆ ಶುರು ಮಾಡಿದೆವು. ಮತ್ತೆ ಅದೇ ಕಥೆ. ನಾಲ್ಕು ದಿನ ಇದೇ ಆಯಿತು. ಕೊನೆಗೆ ರಘು ರೇಗಿದ. “ಎಂತಕ್ಕೆ ಗಡಿಬಿಡಿ ನಿಂಗೆ? ಬಸ್ಸ್ ತಪ್ಪತ್ತಾ?”

ಚಂದ್ರ ಮೈಕು ಕೆಳಗಿಟ್ಟು ಸ್ಪೀಕರಿನ ಮೇಲೆ ಕೂತ. “ನಂಗೆ ಆತಿಲ್ಲೆ ಮಾರಾಯ. ಸುಮ್ನೆ ನಿಂತ್ರೆ ಎದೆ ಹೊಡ್ಕಂತ್ತ್. ಏಲಂ ಕೂಗುವವ ಬಾಯಿ ಮುಚ್ಚಿದ್ರೆ ಅಲ್ಲಿಗೇ ರೇಟ್ ನಿಂತ್ತ್. ಬೋಟಿನವ್ರೆಲ್ಲ ನನ್ ಬಾಯಿಯೇ ಕಾಣ್ತಾ ನಿಂತಿರ್ತ್ರ್. ನಾನ್ ಒಂದ್ ಉಸ್ರ್ ಹೆಚ್ಚ್ ತಕಂಡ್ರೆ ಅವ್ರ್ ಮೀನ್ ಅಗ್ಗಕ್ಕೆ ಹೋತ್ತ್.”

ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಡ್ರಮ್ಮಿನ ಚರ್ಮ ಹರಿದರೆ ಬದಲಿಸಬಹುದು, ನನ್ನ ಸೊಂಟಕ್ಕೆ ನನ್ನ ಅಂಗಡಿಯಲ್ಲೇ ಮುಲಾಮಿದೆ. ಕಾಯುವುದೇ ಮರೆತುಹೋದರೆ ಈ ಬ್ಯಾಂಡಿಗೆ ಏನೂ ಉಳಿಯುವುದಿಲ್ಲ. ಬಂದ್ ಮುಗಿದರೆ ಚಂದ್ರ ಮತ್ತೆ ಬಂದರಿಗೆ ಹೋಗುತ್ತಾನೆ. ಈ ವರ್ಷ ಆಗದಿದ್ದರೆ ಇನ್ನು ಯಾವ ವರ್ಷವೂ ಆಗದು ಎಂದು ಮೂವರಿಗೂ ಗೊತ್ತಿತ್ತು. ನನಗಂತೂ ಜೀವನದಲ್ಲಿ ಬೇರೆ ಯಾವುದಕ್ಕೂ ಇಷ್ಟು ಆಸೆಪಟ್ಟ ನೆನಪಿಲ್ಲ.

ಮನೆಯಲ್ಲಿ ಸುಮ್ಮನಿದ್ದು ಅಭ್ಯಾಸ ಮಾಡು ಎಂದು ಕಳಿಸಿದೆವು. ಮರುವಾರ ಅವನ ಹೆಂಡತಿ ಸುಮತಿ ಮಾತ್ರೆಗೆಂದು ಅಂಗಡಿಗೆ ಬಂದವಳು, “ಅಣ್ಣಾ, ನಿಮ್ ಪದದ್ ದೆಸಿಂದ ಮನಿಯಂಗೆ ಭಾರೀ ಸುಖ, ಹಗ್ಲ್ ಗಲಾಟಿಯೇ ಇಲ್ಲೆ. ಆದ್ರೆ ನಿದ್ದೆಯಂಗೆ ಬಂಗ್ಡಿ ಮೀನಿನ್ ರೇಟ್ ಕೂಗ್ತ್ರ್” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಬೈಂದೂರಿನ ಒಂದು ಕಲ್ಯಾಣ ಮಂಟಪ ಆಸಾಡಿಯಾದ್ದರಿಂದ ಖಾಲಿಯಿತ್ತು. ಅಲ್ಲಿ ಒಂದು ಸಂಜೆ ನುಡಿಸಿದೆವು. ಎದುರಿಗೆ ಕಪ್ಪು ಅಂಗಿಯ ಕೆಲವು ಹುಡುಗ ಹುಡುಗಿಯರು, ಹಿಂದಿನ ಸಾಲಿನಲ್ಲಿ ಮಳೆಗೆಂದು ಒಳಗೆ ಬಂದವರು, ಬಾಗಿಲ ಹತ್ತಿರ ಕೈಯಲ್ಲಿ ಕೊಡೆ ಹಿಡಿದ ಸುಮತಿ. ರಘು ಮೀಟಿದ. ಚಂದ್ರ ‘ಕಡಲೇ’ ಎಂದ. ಈಗಲೇ ‘ಸಾಕು’ ಎಂದುಬಿಡುತ್ತಾನೆ ಎಂದು ನಾನು ಹಲ್ಲು ಕಚ್ಚಿ ಕೂತೆ. ಅವನ ತುಟಿ ಅಲುಗಿತು. ಕೈ ಮೈಕನ್ನು ಗಟ್ಟಿಯಾಗಿ ಹಿಡಿಯಿತು. ಸದ್ದು ಮಾತ್ರ ಬರಲಿಲ್ಲ. ನಾನೊಂದು ಪೆಟ್ಟು ಹಾಕಿದೆ. ಕಾದೆವು. ಇನ್ನೊಂದು. ಅವನ ಭುಜ ನಿಧಾನವಾಗಿ ಇಳಿಯಿತು, ಕಣ್ಣು ಮುಚ್ಚಿತು. ಅವನು ಹಾಡಬೇಕಾದ ಜಾಗ ಬಂತು, ದಾಟಿಯೂ ಹೋಯಿತು. ರಘು ನನ್ನ ಮುಖ ನೋಡಿದ. ನಾನು ಬಾರಿಸುತ್ತಲೇ ಇದ್ದೆ. ಸುತ್ತಿನ ಮೇಲೆ ಸುತ್ತು ಹೋಯಿತು. ಹಿಂದಿನ ಸಾಲಿನ ಒಬ್ಬರು ಎದ್ದು ಹೋದರು. ‘ಸಾಕು’ ಎಂಬ ಪದವನ್ನು ಚಂದ್ರ ಆ ದಿನ ಹೇಳಲೇ ಇಲ್ಲ. ರಘುವಿನ ತಂತಿಯ ಕೊನೆಯ ಸದ್ದು ಅಡಗಿದ ಮೇಲೂ ಹಾಗೇ ನಿಂತಿದ್ದ.

ಸ್ಪೀಕರು ವ್ಯಾನಿಗೆ ಹೇರುವಾಗ ಚಂದ್ರನನ್ನು ಕೇಳಿದೆ, “ಎಂತ ಆಯ್ತ್, ಮರ್ತ್ ಹೋಯ್ತಾ?”

“ಮರ್ತದ್ದಲ್ಲ” ಎಂದ. “ಅಷ್ಟ್ ಹೊತ್ತ್ ಯಾರೂ ನನ್ನತ್ರ ಎಂತದೂ ಕೇಳ್ಲಿಲ್ಲೆ ಕಾಣ್. ಬಾಯಿ ಬಿಡುಕೆ ಮನಸ್ಸೇ ಬರ್ಲಿಲ್ಲೆ.”

ಕೊಡೆ ಮಡಿಸುತ್ತಿದ್ದ ಸುಮತಿ ಮುಖ ಆಚೆ ತಿರುಗಿಸಿದಳು. ನನಗೆ ಅಳು ಬಂತು. ವಯರು ಸುತ್ತುವ ನೆಪದಲ್ಲಿ ಬಗ್ಗಿದೆ.

ಈಗ ಬಂದ್ ಮುಗಿದಿದೆ, ಬೋಟುಗಳು ಕಡಲಿಗೆ ಇಳಿದಿವೆ. ನಿನ್ನೆ ಮೀನಿಗೆಂದು ಬಂದರಿಗೆ ಹೋದೆ. ಅಂಗಡಿ ತೆಗೆಯುವ ಹೊತ್ತಾಗಿತ್ತು, ಬೀಗದ ಕೈ ಕಿಸೆಯಲ್ಲೇ ಇತ್ತು. ಚಂದ್ರ ರಾಶಿಯೆದುರು ನಿಂತು ಕೂಗುತ್ತಿದ್ದ. ನನ್ನನ್ನು ಕಂಡ, ಕೂಗು ನಿಲ್ಲಿಸಲಿಲ್ಲ. ನಿಲ್ಲಿಸುವ ಹಾಗಿಲ್ಲ. ನಾನು ಅಲ್ಲೇ ಒಂದು ಬುಟ್ಟಿ ಕವುಚಿ ಹಾಕಿ ಕೂತೆ. ಕೊನೆಯ ರಾಶಿಯೂ ಹೋದ ಮೇಲೆ ಅವನು ಬಂದು ಪಕ್ಕದಲ್ಲಿ ಕೂತು ಬೆವರು ಒರೆಸಿಕೊಂಡ. ಹೇಗಿದ್ದೀ ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ನಾನು ಕೇಳಲಿಲ್ಲ.