ಕಣ್ಣು ಮುಚ್ಚಿ ನಡೆದ ವಜೀರುನ್ನೀಸಾ

ಶಿಡ್ಲಘಟ್ಟದ ಆ ಬೀದಿಯಲ್ಲಿ ವಜೀರುನ್ನೀಸಾಳ ಕೈಗೆ ಒಳ್ಳೆಯ ಹೆಸರಿತ್ತು. ಕುದಿಯುವ ನೀರಿನಲ್ಲಿ ತೇಲುವ ರೇಷ್ಮೆಗೂಡುಗಳ ಎಳೆಯ ತುದಿಯನ್ನು ಆಕೆ ನೋಡದೆಯೇ ಹಿಡಿಯುತ್ತಿದ್ದಳು. ಕಾಲಿನ ಮಾತು ಬೇರೆ. ಮದುವೆಯಾಗಿ ಬಂದ ದಿನದಿಂದ ಒಲೆಯ ಮುಂದಿನ ಮಣೆಯೇ ಆಕೆಯ ಪ್ರಪಂಚ. ಆಕೆ ಕೂತು ಎಳೆ ಕೊಡಬೇಕು, ಹಿಂದೆ ನಿಂತು ಗಂಡ ಮೆಹಬೂಬ್ ಪಾಷಾ ಚರಕ ತಿರುಗಿಸಬೇಕು. ಹೀಗೆ ಅರ್ಧ ಸಂಸಾರ ಗಂಡನಿಗೆ ಬೆನ್ನು ಮಾಡಿಕೊಂಡೇ ಕಳೆದುಹೋಯಿತು. ಉಳಿದರ್ಧದಲ್ಲಿ, ಹೊರಗೆ ಹೊರಟರೆ ಆತ ಮುಂದೆ, ಈಕೆ ಬುರ್ಖಾ ಸರಿಮಾಡಿಕೊಳ್ಳುತ್ತಾ ಹಿಂದೆ. ಮಾತಾಡಬೇಕೆಂದರೆ ಕೂಗಬೇಕು, ಆ ಬೀದಿಯಲ್ಲಿ ಹೆಂಗಸು ಗಂಡನನ್ನು ಕೂಗುವುದುಂಟೇ? ಮುರುಗಮಲ್ಲದ ದರ್ಗಾಕ್ಕೆ ಹೋಗಿ ಬಂದರೂ ಇಬ್ಬರ ನಡುವೆ ಬಸ್ಸಿನ ಮಾತು ಬಿಟ್ಟು ಬೇರೆ ಮಾತು ಹುಟ್ಟುತ್ತಿರಲಿಲ್ಲ.

1988ರ ಚಳಿಗಾಲದಲ್ಲಿ ಪಾಷಾ ಗೂಡಿನ ಮಾರುಕಟ್ಟೆಯಿಂದ ಬಂದವನು ಎದೆ ಹಿಡಿದುಕೊಂಡು ಮಲಗಿದ. ಮತ್ತೆ ಏಳಲಿಲ್ಲ. ವಜೀರುನ್ನೀಸಾ ಇದ್ದತ್ತಿಗೆ ಕೂತಳು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ ಮನೆಯೊಳಗೇ ಇರಬೇಕೆಂಬ ಕಟ್ಟಳೆ ಅದು. ಅವಧಿ ಮುಗಿದ ದಿನ ಸೊಸೆ ಅಖ್ತರಿ ಹೊಸ ಸೀರೆ ತಂದು ಮುಂದಿಟ್ಟಳು. ಅತ್ತೆ ಉಟ್ಟುಕೊಂಡಳು. ಉಟ್ಟುಕೊಂಡು, ಅಷ್ಟು ದಿನ ಕೂತಿದ್ದ ಅದೇ ಮಂಚದ ಮೇಲೆ ಹೋಗಿ ಕೂತಳು.

ಯಾರೂ ಏಳು ಎನ್ನಲಿಲ್ಲ. "ಜೀವಮಾನವೆಲ್ಲ ಒಲೆ ಮುಂದೆ ಬೆಂದಿದ್ದಾಳೆ, ಇನ್ನಾದ್ರೂ ಆರಾಮಾಗಿ ಕೂತ್ಕೊಳ್ಳಲಿ" ಎಂದ ಮಗ ಜಿಯಾವುಲ್ಲಾ. ವಯಸ್ಸಾದ ತಾಯಿಯನ್ನು ಒಂದು ಲೋಟ ನೀರಿಗೂ ಎಬ್ಬಿಸದಿರುವುದೇ ಮರ್ಯಾದೆ ಎಂದು ನಂಬಿದ ಬೀದಿ ಅದು. ಅಖ್ತರಿಯಂತೂ ಆ ಮರ್ಯಾದೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಊಟ ಮಂಚಕ್ಕೆ, ಚಹಾ ಮಂಚಕ್ಕೆ, ಕೈ ತೊಳೆಯುವ ಬೋಗುಣಿಯೂ ಮಂಚಕ್ಕೆ. ಇಂಥ ಸೊಸೆ ಯಾರಿಗುಂಟು ಎಂದು ನೆರೆಯವರು ಹೊಗಳಿದರು. ಹೀಗೆ ಎಲ್ಲರೂ ಸೇರಿ, ಅತ್ಯಂತ ಪ್ರೀತಿಯಿಂದ, ಆಕೆಯ ಕಾಲು ಕಿತ್ತುಕೊಂಡರು.

ಎರಡನೆಯ ವರ್ಷಕ್ಕೆ ಪಾದ ಊದಿಕೊಂಡು ಜೋಮು ಹಿಡಿಯಿತು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮಾತ್ರೆ ಕೊಟ್ಟು, "ನಡೀಬೇಕಮ್ಮ. ಹೀಗೇ ಕೂತಿದ್ರೆ ಒಂದಿನ ಕಾಲೇ ತೆಗೀಬೇಕಾಗುತ್ತೆ" ಎಂದು ಹೆದರಿಸಿದರು. ಮನೆಯವರು ಆಮೇಲೆ ಹೇಳಿದ್ದೇ ಹೇಳಿದ್ದು. ಗದರಿದರು, ಅತ್ತರು, ಆಣೆ ಹಾಕಿದರು. ವಜೀರುನ್ನೀಸಾ ಎಲ್ಲದಕ್ಕೂ "ನಾಳೆ" ಎಂದಳು.

ಬೀದಿಯ ಕೊನೆಯಲ್ಲಿ ಆದಿಲಕ್ಷ್ಮಮ್ಮ ಎಂಬ ನರ್ಸಮ್ಮ ಇದ್ದಳು. ಚಿಂತಾಮಣಿ ಕಡೆಯವಳು, ಕೆಲಸದಿಂದ ನಿವೃತ್ತಳಾದರೂ ಬಾಯಿ ನಿವೃತ್ತವಾಗಿರಲಿಲ್ಲ. ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದವರನ್ನು ಎಬ್ಬಿಸುವ ಮುಂಚೆ ಅವರ ಮನಸ್ಸನ್ನು ನಡೆಸುವುದು ಆಕೆಯ ಪದ್ಧತಿ. ಮನಸ್ಸು ದಾರಿ ನೋಡಿಕೊಂಡು ಬಂದರೆ ಕಾಲಿನ ಹೆದರಿಕೆ ಇಳಿಯುತ್ತದೆ ಎನ್ನುತ್ತಿದ್ದಳು. ಅಖ್ತರಿ ಹೋಗಿ ಕರೆದುಕೊಂಡು ಬಂದಳು.

"ಏಳಬೇಡಿ ಬಿಡಮ್ಮ, ಯಾರು ಏಳು ಅಂದ್ರು?" ಎಂದು ಆದಿಲಕ್ಷ್ಮಮ್ಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡಳು. "ಕಣ್ಣು ಮುಚ್ಕೊಳ್ಳಿ, ಸಾಕು. ಚಪ್ಪಲಿ ಹಾಕ್ಕೊಂಡ್ರಾ? ಹೊಸಿಲು ದಾಟಿ. ಏನು ವಾಸನೆ ಬರ್ತಾ ಇದೆ?"

"ಗೂಡು ಬೇಯೋ ವಾಸನೆ," ಎಂದಳು ವಜೀರುನ್ನೀಸಾ, ಕಣ್ಣು ಮುಚ್ಚಿಕೊಂಡೇ.

"ಬಿಸಿಲು ಎಲ್ಲಿ ಬೀಳ್ತಿದೆ?"

"ಹೆಗಲ ಮೇಲೆ."

"ಮಂಡಿ?"

"ನೋಯ್ತಿದೆ."

"ನೋಯ್ಲಿ. ಗೋಡೆ ಹಿಡ್ಕೊಂಡು ಸುಧಾರಿಸ್ಕೊಳ್ಳಿ. ಆಯ್ತಾ? ಈಗ ಮತ್ತೆ ನಡೀರಿ."

ಅಂದು ಮಾರುಕಟ್ಟೆಯ ಮೂಲೆಯವರೆಗೆ ಹೋಗಿ ಬಂದರು. ಕಣ್ಣು ಬಿಟ್ಟಾಗ ವಜೀರುನ್ನೀಸಾಳ ಹಣೆಯ ಮೇಲೆ ಬೆವರಿತ್ತು. ಅಖ್ತರಿಗೆ ಅದನ್ನು ಕಂಡೇ ಅರ್ಧ ಗೆದ್ದಷ್ಟು ಸಂತೋಷ.

ಮಾರನೆಯ ದಿನ ಆ ಮೂಲೆಯಲ್ಲಿ ಮೆಹಬೂಬ್ ಪಾಷಾ ನಿಂತಿದ್ದ.

ಯಾರೂ ಅವನನ್ನು ಕರೆದಿರಲಿಲ್ಲ. ಅಂಗಿಯ ಮೇಲೆ ಗೂಡಿನ ನವಿರು ಅಂಟಿತ್ತು, ಎಂದಿನಂತೆ ಒಂದು ಗುಂಡಿ ಬಿಚ್ಚಿತ್ತು. ಮುಂದೆ ಹೋಗದೆ ಆತ ಪಕ್ಕದಲ್ಲಿ ನಡೆದ. ನಡೆಯುತ್ತಾ ಆಕೆಯ ಬೆರಳುಗಳನ್ನು ನೋಡಿ, "ನೀರು ತುಂಬಾ ಸುಡ್ತಿತ್ತಾ?" ಎಂದು ಕೇಳಿದ. ಅಷ್ಟು ವರ್ಷ ಬೆನ್ನ ಹಿಂದೆಯೇ ನಿಂತಿದ್ದವನು ಒಂದು ದಿನವೂ ಕೇಳಿರಲಿಲ್ಲ. ವಜೀರುನ್ನೀಸಾ ಮಂಚದ ಮೇಲೆ ಕೂತಲ್ಲೇ ನಕ್ಕಳು. ಆದಿಲಕ್ಷ್ಮಮ್ಮ ಔಷಧ ಹತ್ತುತ್ತಿದೆ ಎಂದುಕೊಂಡಳು.

ಆಮೇಲೆ ಆಕೆಗೆ ಮಧ್ಯಾಹ್ನ ಯಾವಾಗ ಆದೀತೋ ಎಂಬ ಕಾತರ. ನರ್ಸಮ್ಮ ತಡ ಮಾಡಿದರೆ ತಾನೇ ಕಣ್ಣು ಮುಚ್ಚಿ ಹೊರಟುಬಿಡುತ್ತಿದ್ದಳು. ಸೊಪ್ಪು ಮಾರುವವರನ್ನು ದಾಟಿ, ಊರು ದಾಟಿ, ಚಿಂತಾಮಣಿಯನ್ನೂ ದಾಟಿ ಮುರುಗಮಲ್ಲದವರೆಗೆ ನಡೆದಳು. ದಾರಿಯಲ್ಲಿ ಕಂಡದ್ದನ್ನೆಲ್ಲ ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ, ಅಕ್ಕಪಕ್ಕದ ಹೆಂಗಸರು ಕೆಲಸ ಬಿಟ್ಟು ಬಂದು ಕೂರತೊಡಗಿದರು. ಪಕ್ಕದಲ್ಲಿ ಯಾರಿದ್ದರು ಎಂಬುದೊಂದನ್ನು ಮಾತ್ರ ಹೇಳಲಿಲ್ಲ. ಮಂಚ ಬಿಟ್ಟು ಇಳಿಯಲೂ ಇಲ್ಲ.

ಆದಿಲಕ್ಷ್ಮಮ್ಮನಿಗೆ ಕೊನೆಗೆ ಅನುಮಾನ ಬಂತು. ಒಂದು ದಿನ ಎಲ್ಲರನ್ನೂ ಹೊರಗೆ ಕಳಿಸಿ ಕೇಳಿದಳು. "ಅಲ್ಲಮ್ಮ, ಮುರುಗಮಲ್ಲದ ತನಕ ಹೋಗ್ತೀರ, ಮಂಡಿ ನೋವು ಅನ್ನೋದೇ ಇಲ್ವಲ್ಲ. ಜೊತೇಲಿ ಯಾರಿದಾರೆ?"

ವಜೀರುನ್ನೀಸಾ ಸೆರಗಿನ ಅಂಚು ತಿರುಗಿಸುತ್ತಾ ಕೂತಳು. "ಅವರು," ಎಂದಳು.

ಆದಿಲಕ್ಷ್ಮಮ್ಮ ಸ್ಟೂಲನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡಳು. "ಅಯ್ಯೋ ತಲ್ಲಿ," ಎಂದು ತನ್ನ ತೆಲುಗಿನಲ್ಲೇ ಮರುಗಿದಳು. "ಅವರು ಇಲ್ಲೇ ಸಿಗ್ತಾ ಇದ್ರೆ ನೀವು ಯಾಕೆ ಏಳ್ತೀರ? ನಾಳೆಯಿಂದ ಅವರನ್ನ ಮನೇಲಿ ಬಿಟ್ಟು ನಡೀಬೇಕು."

"ನಿಮಗೇನು ಗೊತ್ತು? ಹೋಗಿ, ಎದ್ದು ಹೋಗಿ ಇಲ್ಲಿಂದ!" ಎಂದು ವಜೀರುನ್ನೀಸಾ ಕೂಗಿದಳು. ಜೀವನದಲ್ಲಿ ಒಬ್ಬರ ಮೇಲೆ ಹಾಗೆ ಕೂಗಿದವಳಲ್ಲ. ನರ್ಸಮ್ಮ ಎದ್ದು ಹೋದಳು. ಮತ್ತೆ ಬಂದಾಗ ಒಳಗೆ ಬಿಡಬೇಡಿ ಎಂದು ವಜೀರುನ್ನೀಸಾ ಬಾಗಿಲಲ್ಲೇ ತಡೆಸಿದಳು.

ಹೀಗಿರುವಾಗ ಅಖ್ತರಿ ಒಂದು ಸಂಜೆ ಅತ್ತೆಯ ಪಾದದ ಊತಕ್ಕೆಂದು ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟಳು. ವಜೀರುನ್ನೀಸಾ ಎರಡೂ ಪಾದ ಇಳಿಬಿಟ್ಟುಕೊಂಡು ಕೂತಳು. ಟವೆಲ್ ತಂದು ಒರೆಸಲು ಬಗ್ಗಿದ ಅಖ್ತರಿ ಕಿರುಚಿಕೊಂಡಳು. ಕಾಲ್ಬೆರಳುಗಳ ಮೇಲೆ ಬೊಬ್ಬೆ ಎದ್ದಿತ್ತು. ವಜೀರುನ್ನೀಸಾ ಬಗ್ಗಿ ನೀರಿಗೆ ಕೈ ಹಾಕಿ ನೋಡಿದಳು. ಸುಡುತ್ತಿತ್ತು. ಮೂವತ್ತು ವರ್ಷ ಬೆರಳ ತುದಿಯಲ್ಲೇ ನೀರಿನ ಕಾವು ಅಳೆದವಳಿಗೆ ತನ್ನ ಪಾದ ಬೇಯುವುದು ತಿಳಿದಿರಲಿಲ್ಲ. ತಾನು ಬದುಕಿರುವಾಗಲೇ ಕಾಲು ತನ್ನನ್ನು ಬಿಟ್ಟು ಹೋಗುತ್ತಿದೆ ಎಂದು ಆಗ ನಿಜವಾಗಿ ಹೆದರಿಕೆಯಾಯಿತು.

ಬೊಬ್ಬೆ ಆರಲು ಬಹಳ ದಿನ ಹಿಡಿಯಿತು. ಈ ಸಲ ಅದೃಷ್ಟ, ಇನ್ನೊಂದು ಸಲ ಇರಲ್ಲ ಎಂದರು ಡಾಕ್ಟರು. ನಡೆಯಬಹುದು ಎಂದ ದಿನ ವಜೀರುನ್ನೀಸಾ ತಾನೇ ನರ್ಸಮ್ಮನಿಗೆ ಹೇಳಿಕಳಿಸಿದಳು. ಆದಿಲಕ್ಷ್ಮಮ್ಮ ಹಿಂದಿನದೇನನ್ನೂ ಎತ್ತದೆ ಸ್ಟೂಲು ಎಳೆದುಕೊಂಡು ಕೂತಳು.

ಕಣ್ಣು ಮುಚ್ಚಿದರೆ ಆತ ಬಾಗಿಲಲ್ಲೇ ಕಾದಿದ್ದ, ಚಪ್ಪಲಿ ಮೆಟ್ಟಿಕೊಂಡು. "ನೀವು ಇಲ್ಲೇ ಇರಿ," ಎಂದಳು ವಜೀರುನ್ನೀಸಾ. "ಇವತ್ತು ನಾನೊಬ್ಬಳೇ ಹೋಗ್ತೀನಿ." ಆತ ಚಪ್ಪಲಿ ಬಿಟ್ಟು ಒಳಗೆ ಹೋದ. ವಜೀರುನ್ನೀಸಾಗೆ ಅದನ್ನು ನೋಡಲಾಗಲಿಲ್ಲ; ಗೋಡೆ ಹಿಡಿದುಕೊಂಡು ಬೀದಿಗಿಳಿದಳು. ಮೊದಲ ಹೆಜ್ಜೆಗೇ ಮಂಡಿ ನೋಯತೊಡಗಿತು.

"ನೋಯ್ತಾ ಇದೆ," ಎಂದಳು.

"ಹೂಂ, ನಡೀರಿ," ಎಂದಳು ಆದಿಲಕ್ಷ್ಮಮ್ಮ.

ಕೆಲವು ದಿನಗಳ ಮೇಲೆ ವಜೀರುನ್ನೀಸಾ ಕಣ್ಣು ಬಿಟ್ಟುಕೊಂಡೇ ಮಂಚದಿಂದ ಇಳಿದಳು. ಹಿಡಿಯಲು ಓಡಿದ ಅಖ್ತರಿಯನ್ನು ನರ್ಸಮ್ಮ ರಟ್ಟೆ ಹಿಡಿದು ನಿಲ್ಲಿಸಿದಳು. ಮೊದಲು ಹೊಸಿಲು, ಆಮೇಲೆ ಪಕ್ಕದ ಮನೆ, ಆಮೇಲೆ ಬೀದಿಯ ಕೊನೆ. ಮಳೆಗಾಲ ಕಳೆಯುವ ಹೊತ್ತಿಗೆ ದಿನಾ ಬೆಳಿಗ್ಗೆ ಮಾರುಕಟ್ಟೆಯ ಕಡೆಗೆ ಹೋಗಿ ಬರುವುದು ರೂಢಿಯಾಯಿತು. ಸಕ್ಕರೆ ಇಳಿಯಿತು, ಪಾದಕ್ಕೆ ಅಲ್ಪಸ್ವಲ್ಪ ಸ್ಪರ್ಶ ಬಂತು. ಕಾಲು ಉಳಿಯಿತು ಎಂದು ಡಾಕ್ಟರೇ ಹೇಳಿದರು. ಅಖ್ತರಿ ಬೀದಿಗೆಲ್ಲ ಸಿಹಿಯ ಬದಲು ಖಾರಾ ಹಂಚಿದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ವಜೀರುನ್ನೀಸಾ ಮಂಚದ ಮೇಲೆ ಕೂತು ಕಣ್ಣು ಮುಚ್ಚಿದಳು. ಇನ್ನು ಕರೆದರೆ ತಪ್ಪೇನು, ಕಾಲಂತೂ ಬಂತಲ್ಲ ಎಂದು ಮನಸ್ಸು ಹೇಳಿತ್ತು. ಬೀದಿ ಕಂಡಿತು, ಬಿಸಿಲು ಕಂಡಿತು, ಅಂದು ಬೆಳಿಗ್ಗೆ ಎಡವಿದ ಕಲ್ಲೂ ಕಂಡಿತು. ಮೂಲೆಗೆ ಹೋಗಿ ಕಾದಳು. ಯಾರೂ ಬರಲಿಲ್ಲ. ಮಾರನೆಯ ದಿನವೂ ಕಾದಳು. ಕಣ್ಣು ಮುಚ್ಚಿಕೊಂಡೇ ಮನೆಯೊಳಗೆ ಹೋಗಿ ಹುಡುಕಿದಳು. ಬಾಗಿಲ ಬಳಿ ಆತನ ಚಪ್ಪಲಿಯೂ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಿಜವಾದ ಮೂಲೆಯಲ್ಲಿ ಮುನಿಗಂಗಪ್ಪ ಎದುರಾದ. ಹಳ್ಳಿಯಿಂದ ಗೂಡು ತಂದು ಮಾರುವವನು, ಪಾಷಾನಿಗೆ ಬಹಳ ವರ್ಷದ ಪರಿಚಯ. ಬುರ್ಖಾದಲ್ಲೂ ನಡಿಗೆಯಿಂದ ಗುರುತು ಹಿಡಿದು ನಿಂತ.

"ಏನಮ್ಮ, ಓಡಾಡೋ ಹಂಗಾದ್ರಲ್ಲ! ಚೆನ್ನಾಗಿದೀರಾ?"

ವಜೀರುನ್ನೀಸಾ ಮುಖದ ಪರದೆ ಸರಿಸಿದಳು. ಆಮೇಲೆ ಬೀದಿಯ ನಡುವೆಯೇ, ಮಕ್ಕಳು ಅಳುವಂತೆ, ಸದ್ದು ಮಾಡಿ ಅತ್ತಳು.

"ನಮ್ಮೋರು ತೀರ್ಕೊಂಡ್ರಪ್ಪ," ಎಂದಳು.

ಮೂರು ವರ್ಷದ ಹಿಂದೆ ಪಾಷಾನ ಮಣ್ಣಿಗೆ ಬಂದು ಹೋಗಿದ್ದವನು ಮುನಿಗಂಗಪ್ಪ. ಅದನ್ನು ಹೇಳಲಿಲ್ಲ. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ಆಗ ತಾನೇ ಸುದ್ದಿ ಕೇಳಿದವನ ಹಾಗೆ, ತಲೆ ತಗ್ಗಿಸಿ ಆಕೆಯ ಎದುರು ನಿಂತುಕೊಂಡ.